ಪೈಲವಾನನ ಹೊಟ್ಟೆಗೆ ಹಾಕಿದ ಜಾಳಿ

ಆ ಹೊಟ್ಟೆಯನ್ನು ಮೊದಲು ಹರಿದದ್ದು ಕಬ್ಬು ಕಡಿಯುವ ಕೊಯ್ತಾ. ಹೊಲಿದವಳು ನಾನು. ಹೊಲಿಗೆ ನಿಲ್ಲಲಿಲ್ಲ. ಕರುಳು ಎರಡು ಮೂರು ಕಡೆ ಕತ್ತರಿಸಿತ್ತು, ಹೊಲಸೆಲ್ಲ ಹೊಟ್ಟೆಯೊಳಗೆ ಹರಡಿತ್ತು, ಕೀವಾಯಿತು. ಒಂದು ಮುಂಜಾನೆ ಅವನು ಜೋರಾಗಿ ಕೆಮ್ಮಿದ. ದಾರಗಳು ಮಾಂಸವನ್ನು ಸೀಳಿಕೊಂಡು ಹೊರಬಂದವು, ಕರುಳು ಹಾಸಿಗೆಗೆ ಬಂತು. ತೊಳೆದು ಒಳಗೆ ತಳ್ಳಿದೆವು. ಮಾಂಸ ಕೂಡುವ ಸ್ಥಿತಿಯಲ್ಲಿ ಇರಲಿಲ್ಲ. ಚರ್ಮವನ್ನಷ್ಟೇ ಎಳೆದು ಮುಚ್ಚಿ, ಜೀವ ಉಳಿದರೆ ಸಾಕು ಎಂದು ಬಿಟ್ಟೆವು. ಜೀವ ಉಳಿಯಿತು.

ಇದು ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದೆ. ವಾರಕ್ಕೊಮ್ಮೆ ಖಾನಾಪುರಕ್ಕೆ ಹೋಗಿ ಅಲ್ಲಿನ ಸಣ್ಣ ದವಾಖಾನೆಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದೆ. ಕೊಯ್ತಾ ಏಟು ಬಿದ್ದ ಮೇಲೆ ಸುಮಾರು ಎರಡು ವರ್ಷ ಕಳೆದು, ಅಲ್ಲಿಗೇ ಅವನು ತನ್ನ ಅಣ್ಣನನ್ನು ಕರೆದುಕೊಂಡು ಬಂದ. ಪಾರಿಶ್ವಾಡದ ಕಡೆಯ ಹಳ್ಳಿಯವನು, ಮೂವತ್ತರ ಆಸುಪಾಸಿನ ಪೈಲವಾನ. ಅಂಗಿ ಎತ್ತಿದ. ತಲೆಗೆ ಸುತ್ತುವ ಹಳೆಯ ಪಟಗವನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತಿಕೊಂಡಿದ್ದ. ಅದನ್ನು ಬಿಚ್ಚಿದ ಕೂಡಲೇ ಕಲ್ಲಂಗಡಿಯಷ್ಟು ದೊಡ್ಡ ಗಂಟು ಹೊರಬಿದ್ದು ತೊಡೆಯ ಕಡೆಗೆ ಜೋತುಬಿತ್ತು. ಮೇಲಿನ ಚರ್ಮ ಎಷ್ಟು ತೆಳುವಾಗಿತ್ತೆಂದರೆ ಒಳಗೆ ಕರುಳು ಹೊರಳುವುದು ಕಣ್ಣಿಗೆ ಕಾಣುತ್ತಿತ್ತು.

"ಊರಾಗ ಹುಡುಗೂರು ಕೇಳ್ತಾವ್ರಿ ಬಾಯಾರ, ಪೈಲವಾನ್ರ ಯಾವಾಗ ಹಡೀತೀರಿ ಅಂತ," ಎಂದ. ನಗಲು ನೋಡಿದ, ಆಗಲಿಲ್ಲ.

ಕೊಯ್ತಾ ಬೀಸಿದವನು ಯಾರೋ ಪರಕೀಯನಲ್ಲ. ಊರಿನ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಅವನ ಜತೆಗೇ ಮಣ್ಣಿಗಿಳಿದು, ಅವನ ಜತೆಗೇ ದಂಡ ಬೈಠಕ್ ಹೊಡೆದು ಬೆಳೆದ ಜೋಡೀದಾರ. ಒಂದು ಊರಿನ ಕುಸ್ತಿಯಲ್ಲಿ ಇಬ್ಬರನ್ನೂ ಒಬ್ಬರ ಮೇಲೊಬ್ಬರನ್ನು ಬಿಟ್ಟರು. ನಮ್ಮವನು ಚಿತ್ ಮಾಡಿದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಿದ್ದವನ ಎರಡೂ ಬದಿಗೆ ಕಾಲಿಟ್ಟು ನಿಂತು, ಅವನ ಬೀಗರೆಲ್ಲ ನೋಡುತ್ತಿದ್ದ ಹಾಗೆಯೇ ತೊಡೆ ತಟ್ಟಿದ. ಅದೇ ಸಂಜೆ ಕಬ್ಬಿನ ಹೊಲದ ದಾರಿಯಲ್ಲಿ ಹೊಟ್ಟೆಗೆ ಏಟು ಬಿತ್ತು. ಜೋಡೀದಾರ ಕೆಲಕಾಲ ಹಿಂಡಲಗಾ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದಿದ್ದ. ಕೇಸು ಇನ್ನೂ ನಡೆಯುತ್ತಿತ್ತು.

"ಹೊಟ್ಟಿ ಗಟ್ಟಿ ಮಾಡಿ ಕೊಡ್ರಿ ಬಾಯಾರ. ಮುಂದಿಂದು ನಾ ನೋಡ್ಕೋತೀನಿ," ಎಂದ ಪೈಲವಾನ.

"ಮುಂದಿಂದು ಅಂದ್ರ?"

"ಅವನ ಹೊಟ್ಟಿ."

ಪಕ್ಕದಲ್ಲಿ ಕೂತಿದ್ದ ಅಣ್ಣ ತಲೆಯಾಡಿಸಿದ. ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಮಾಡುವ, ಇಸ್ತ್ರಿ ಅಂಗಿಯ ಮನುಷ್ಯ. ಗೊಬ್ಬರ ತರಿಸುವ ಮಾತಿಗೆ ತಲೆಯಾಡಿಸಿದಷ್ಟು ಸಲೀಸಾಗಿ ತಲೆಯಾಡಿಸಿದ. ನನ್ನ ಮೈ ಉರಿದುಹೋಯಿತು.

"ಎದ್ದು ನಡೀರಿ ಇಬ್ರೂ. ನಾ ಹೊಟ್ಟಿ ಕಟ್ಟಾಕಿ, ಕೊಯ್ತಾ ಮಸಿಯಾಕಿ ಅಲ್ಲ," ಎಂದೆ.

ಅಂದೆ, ಆದರೆ ಕಳಿಸಲಾಗಲಿಲ್ಲ. ಗಂಟಿನ ತುದಿಯಲ್ಲಿ ಚರ್ಮ ಹುಣ್ಣಾಗಿ ಕಪ್ಪಿಟ್ಟಿತ್ತು. ಅದು ಒಡೆದರೆ ಕರುಳು ಹೊರಗೆ. ಬಯ್ಯುತ್ತಲೇ ಚೀಟಿ ಬರೆದು ಬೆಳಗಾವಿಗೆ ಬಂದು ಸೇರಿಕೊಳ್ಳಲು ಹೇಳಿದೆ. ರೋಗಿ ಮುಂದೆ ಏನು ಮಾಡುತ್ತಾನೆಂದು ನೋಡಿ ಚಿಕಿತ್ಸೆ ಕೊಡುವ ಹಾಗಿದ್ದರೆ ನಮ್ಮ ವಾರ್ಡಿನಲ್ಲಿ ಅರ್ಧದಷ್ಟು ಮಂಚಗಳು ಖಾಲಿ ಬೀಳುತ್ತವೆ.

ಇಂಥ ಹೊಟ್ಟೆಯ ತೊಂದರೆ ಏನೆಂದರೆ, ಕರುಳಿಗೆ ಹೊರಗಿನ ಮನೆಯೇ ರೂಢಿಯಾಗಿಬಿಟ್ಟಿರುತ್ತದೆ. ಒಳಗಿನ ಜಾಗ ಕುಗ್ಗಿರುತ್ತದೆ. ಒಮ್ಮೆಲೇ ತುರುಕಿ ಹೊಲಿದರೆ ಅದು ಎದೆಯನ್ನು ಒತ್ತಿ ಉಸಿರೇ ನಿಲ್ಲುತ್ತದೆ. ಅದಕ್ಕೆ ಮೊದಲು ಜಾಗ ಮಾಡಬೇಕು. ಪಕ್ಕೆಲುಬಿನ ಕೆಳಗೆ ಎಡಕ್ಕೆ ಒಂದು ತೆಳು ಕೊಳವೆ ಕೂರಿಸಿ, ದಿನಾಲು ದೊಡ್ಡ ಸಿರಿಂಜಿನಿಂದ ಹೊಟ್ಟೆಯೊಳಗೆ ಗಾಳಿ ತುಂಬಿದೆ. ಭುಜ ನೋಯುತ್ತದೆ ಎಂದಾಗ ನಿಲ್ಲಿಸುವುದು, ಮರುದಿನ ಮತ್ತೆ.

"ಟಾಯರಿಗೆ ಹವಾ ಹಾಕಿದಂಗ ಹಾಕ್ತೀರಲ್ರಿ. ಪಂಚರ್ ಆದ್ರ?" ಎಂದು ಕೇಳಿದ.

"ಪಂಚರ್ ತಗಿಯಾಕಿನೂ ನಾನ. ಸುಮ್ನ ಮಲಕೋ."

ಆ ದಿನಗಳಲ್ಲಿ ಅವನಿಗೆ ಜಾಳಿಯನ್ನು ತೋರಿಸಿದೆ. ನಾವು ಮೆಶ್ ಎನ್ನುತ್ತೇವೆ. ಸೊಳ್ಳೆಪರದೆಯಂಥ ಬಿಳಿ ಬಟ್ಟೆ, ಒರಟು, ಪ್ಲಾಸ್ಟಿಕ್ ನೂಲಿನದು. ಸೀಳಿದ ಸ್ನಾಯುವಿನ ಹಿಂದೆ ಇದನ್ನು ಹಾಸಿದರೆ ಅದರ ತೂತುಗಳಲ್ಲಿ ಮಾಂಸ ಬೆಳೆದು ಹೊಟ್ಟೆಯ ಗೋಡೆ ಗಟ್ಟಿಯಾಗುತ್ತದೆ. ಅವಧಿ ಮುಗಿದ ಒಂದು ತುಂಡನ್ನು ಕೈಗೆ ಕೊಟ್ಟೆ. ಎರಡೂ ಕೈಯಿಂದ ಜಗ್ಗಿದ, ಹಲ್ಲು ಕಚ್ಚಿ ಜಗ್ಗಿದ. ಹರಿಯಲಿಲ್ಲ. ಮುಖ ಅರಳಿತು.

"ಇದು ಹರಿಯೂದಿಲ್ಲಲ್ರಿ!"

"ಇದು ಹರಿಯೂದಿಲ್ಲ. ಇದನ್ನ ಹಿಡಿದಿರೋ ನಿನ್ನ ಮಾಂಸ ಹರೀತೈತಿ. ತಿಂಗಳಗಟ್ಟಲೆ ಭಾರ ಎತ್ತಬಾರದು, ಕೈ ಬೀಸಬಾರದು. ಕೆಮ್ಮು ಬಂದ್ರ ಹೊಟ್ಟಿ ಹಿಡಕೊಂಡು ಕೆಮ್ಮಬೇಕು. ಇಲ್ಲಂದ್ರ ಜಾಳಿ ಕಿತ್ತು ಬರ್ತೈತಿ, ನೆನಪಿಟ್ಕೋ."

ಆಪರೇಷನ್ನಿನ ದಿನ ತೆಳು ಚರ್ಮವನ್ನು ಸುತ್ತಲೂ ಕತ್ತರಿಸಿ ತೆಗೆದೆ. ಅದರ ಒಳಮೈಗೆ ಕರುಳು ಅಂಟಿಕೊಂಡಿತ್ತು. ಎಳೆಯುವ ಹಾಗಿಲ್ಲ, ಎಳೆದರೆ ಹರಿಯುತ್ತದೆ. ಕತ್ತರಿಯ ತುದಿಯಿಂದ ಎಳೆ ಎಳೆಯಾಗಿ ಬಿಡಿಸುತ್ತ ಕೂತೆ. ಒಂದು ಕಡೆ ಕರುಳಿನ ಹೊರಪದರ ಸೀಳಿತು. ಕರುಳು ತೂತಾಗಿದ್ದರೆ ಅಂದು ಜಾಳಿ ಹಾಕುವಂತೆಯೇ ಇರಲಿಲ್ಲ, ಹೊಲಸು ತಾಗಿದ ಜಾಳಿ ಕೀವಿನ ಗೂಡು. ಒಳಪದರ ಉಳಿದಿತ್ತು. ಎರಡು ಹೊಲಿಗೆ ಹಾಕಿ ಮುಂದೆ ಹೋದೆ.

ಸ್ನಾಯುಗಳದ್ದೇ ದೊಡ್ಡ ಜಗಳ. ಚಿಕ್ಕಂದಿನಿಂದ ತಾಲೀಮಿನಲ್ಲಿ ಬೆಳೆಸಿದ ದಪ್ಪ ಸ್ನಾಯುಗಳು ಎರಡೂ ಬದಿಗೆ ಸರಿದು ಮುದುಡಿ ಕೂತಿದ್ದವು. ಅವುಗಳ ಹಿಂದಿನ ಪೊರೆಯನ್ನು ಬಿಡಿಸಿ, ನಡುವಿಗೆ ತಂದು ಹೊಲಿದು, ಕರುಳಿಗೆ ಒಂದು ಹೊದಿಕೆ ಮಾಡಿದೆ. ಅದರ ಮೇಲೆ ಜಾಳಿಯನ್ನು ಅಂಗೈಯಗಲ ಆಚೆಗೂ ಹರಡುವಂತೆ ಹಾಸಿ ಅಂಚುಗಳನ್ನು ಕಟ್ಟಿದೆ. ಆಮೇಲೆ ಸ್ನಾಯುಗಳನ್ನು ಮೇಲೆ ಎಳೆದು ಕೂಡಿಸಬೇಕು. ಇಬ್ಬರು ಸಹಾಯಕರು ಬೆವರು ಸುರಿಸಿ ಎಳೆದರು. ಎಚ್ಚರವಿಲ್ಲದೆ ಮಲಗಿಯೂ ಅವನು ನಮ್ಮ ಜತೆ ಕುಸ್ತಿ ಆಡುತ್ತಿದ್ದ.

"ಮೇಡಂ, ಉಸಿರಿನ ಪ್ರೆಶರ್ ಏರಾಕತ್ತೈತಿ," ಎಂದರು ಅರಿವಳಿಕೆ ಡಾಕ್ಟರು.

"ಬಿಡ್ಲೇನು?"

"ತಡೀತಾನ. ಕಟ್ರಿ, ಆದ್ರ ಲಗೂ ಕಟ್ರಿ."

ಕಟ್ಟಿದೆ. ಕೂಡಿತು. ನೀರು ಬಸಿಯಲು ಎರಡು ಕೊಳವೆ ಇಟ್ಟು ಚರ್ಮ ಮುಚ್ಚಿದಾಗ, ಎರಡು ವರ್ಷದ ಮೇಲೆ ಆ ಹೊಟ್ಟೆ ಮೊದಲ ಸಲ ಚಪ್ಪಟೆಯಾಗಿ ಕಂಡಿತು. ನನಗೆ ಹೆಮ್ಮೆ ಆಗಿತ್ತು, ಸುಳ್ಳೇಕೆ ಹೇಳಲಿ. ಮರುದಿನ ಅವನು ಅಂಗೈಯಿಂದ ಹೊಟ್ಟೆ ಸವರಿಕೊಂಡು ಸವರಿಕೊಂಡು ನೋಡುತ್ತಿದ್ದ.

ಮನೆಗೆ ಹೋಗುವಾಗ ಎಲ್ಲ ಚೆನ್ನಾಗಿತ್ತು. ಒಂದು ಕೊಳವೆ ತೆಗೆದ ತೂತಿನಿಂದ ಮಾತ್ರ ತಿಳಿ ನೀರು ಜಿನುಗುತ್ತಿತ್ತು. ಜಾಳಿ ಹಾಕಿದವರಲ್ಲಿ ಇದು ಸಾಮಾನ್ಯ, ತಾನೇ ಒಣಗುತ್ತದೆ. ಹೊಟ್ಟೆಗೆ ಪಟ್ಟಿ ಬಿಗಿದು, ತೂತಿನ ಮೇಲೆ ಶುದ್ಧ ಬಟ್ಟೆ ಬಿಟ್ಟು ಬೇರೇನೂ ತಾಗಬಾರದು ಎಂದು ಅಣ್ಣನಿಗೂ ಅವನಿಗೂ ಹೇಳಿ ಕಳಿಸಿದೆ.

ಅದಾದ ಮೇಲಿನ ನನ್ನ ಖಾನಾಪುರದ ಪಾಳಿಗಳಲ್ಲಿ ಒಂದು ದಿನ, ಮಧ್ಯಾಹ್ನದ ಹೊತ್ತಿಗೆ, ಒಂದು ಟೆಂಪೋ ಹಾರ್ನ್ ಹೊಡೆಯುತ್ತಲೇ ಕಂಪೌಂಡಿಗೆ ನುಗ್ಗಿತು. ಓಡಿಸುತ್ತಿದ್ದವನೇ ಇಳಿದು ಬಂದು, ಹಿಂದೆ ಮಲಗಿದ್ದ ಪೈಲವಾನನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನ ಮೇಜಿನ ಮೇಲೆ ಮಲಗಿಸಿದ. ಅವನೂ ಕುಸ್ತಿಯವನೇ ಎಂದು ಮುದುಡಿದ ಕಿವಿ ನೋಡಿದರೆ ತಿಳಿಯುತ್ತಿತ್ತು. ಜತೆಗೆ ಧೋತರದ ಒಬ್ಬ ಮುದುಕ, ತಾಲೀಮಿನಲ್ಲಿ ಕುಸ್ತಿ ಕಲಿಸುವ ವಸ್ತಾದ. ಪೈಲವಾನನಿಗೆ ಮೈ ಸುಡುವ ಜ್ವರ. ಏನೇನೋ ಬಡಬಡಿಸುತ್ತಿದ್ದ. ಪಟ್ಟಿ ಬಿಚ್ಚಿದೆ.

ಹೊಟ್ಟೆಯ ತುಂಬ ಕೆಂಪು ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕೊಳವೆಯ ತೂತಿಗೆ ಮಣ್ಣನ್ನು ಮೆತ್ತಿ ಒತ್ತಿ ಮುಚ್ಚಿದ್ದರು. ಸುತ್ತಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟು ಒತ್ತಿದರೆ ಒಳಗೆ ಗಾಳಿ ಚರಚರ ಎಂದಿತು. ಈ ಗಾಳಿ ನಾನು ಹಾಕಿದ್ದಲ್ಲ, ಮಾಂಸ ಕೊಳೆತು ಹುಟ್ಟಿದ್ದು. ಮಣ್ಣನ್ನು ಕೆದರಿ ತೆಗೆದ ಕೂಡಲೇ ಬೂದು ಬಣ್ಣದ ನೀರು ಚಿಮ್ಮಿತು. ಅದರ ನಾತಕ್ಕೆ ನರ್ಸ್ ಮೂಗು ಮುಚ್ಚಿಕೊಂಡಳು.

"ಯಾರು ಹಚ್ಚಿದ್ದು ಇದನ್ನ?" ಎಂದು ಕಿರುಚಿದೆ.

"ನಮ್ಮ ಅಖಾಡದ ಮಣ್ಣ ಐತ್ರಿ ಬಾಯಾರ," ಎಂದ ವಸ್ತಾದ. "ಅರಿಶಿಣ, ಎಣ್ಣಿ, ಮಜ್ಜಿಗಿ ಹಾಕಿ ಹದಾ ಮಾಡಿದ್ದು. ನನ್ನ ಮೈಮ್ಯಾಲಿನ ಗಾಯೆಲ್ಲಾ ಇದರಿಂದನ ಮಾಯ್ದಾವ್ರಿ."

"ನಿಮ್ಮ ಗಾಯದಾಗ ಪ್ಲಾಸ್ಟಿಕ್ ಜಾಳಿ ಇತ್ತೇನ್ರಿ? ಹಚ್ಚಿದವ್ರು ಯಾರು ಅಂತ ಕೇಳಿದ್ನಿ!"

"ನಾನ್ರಿ," ಎಂದ ಟೆಂಪೋದವನು.

"ನೀ ಯಾರು?"

ಅವನು ನೆಲ ನೋಡಿದ. ವಸ್ತಾದನೇ ಹೇಳಿದ. "ಕೊಯ್ತಾ ಹೊಡದಾಂವ ಇವನರೀ."

ಆ ತಾಲೀಮಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬನ ಕೈಯಿಂದ ಇನ್ನೊಬ್ಬನಿಗೆ ಗಾಯವಾದರೆ, ಗಾಯ ಮಾಡಿದವನೇ ಅಖಾಡದ ಮಣ್ಣು ತೆಗೆದು ತನ್ನ ಕೈಯಿಂದ ಗಾಯಕ್ಕೆ ಹಚ್ಚಬೇಕು. ಗಾಯವಾದವನು ಹಚ್ಚಿಸಿಕೊಂಡರೆ ಅಲ್ಲಿಗೆ ವೈರ ಮುಗಿಯಿತು, ಮತ್ತೆ ಯಾರೂ ಆ ಮಾತು ಎತ್ತುವಂತಿಲ್ಲ. ವಸ್ತಾದ ಕಂಡವರ ಕಾಲು ಹಿಡಿದು ಇಬ್ಬರನ್ನೂ ಒಂದು ಶನಿವಾರ ತಾಲೀಮಿಗೆ ಕರೆಸಿದ್ದ. ಅಣ್ಣ ರಾಜಿಗೆ ಒಪ್ಪುವವನಲ್ಲ ಎಂದು ಅವನಿಗೆ ಹೇಳಿರಲಿಲ್ಲ. ಮಣ್ಣು ಹಚ್ಚಿದ್ದಾಯಿತು. ಪೈಲವಾನ ಹಚ್ಚಿಸಿಕೊಂಡದ್ದೂ ಆಯಿತು. ತೊಳೆದರೆ ಮಾತು ಮುರಿದಂತೆ ಎಂದು ಹಾಗೇ ಬಿಟ್ಟುಕೊಂಡಿದ್ದ. ಜ್ವರ ಏರಿ ತಾಲೀಮಿನಲ್ಲೇ ಕುಸಿದಾಗ ಜೋಡೀದಾರ ತನ್ನ ಟೆಂಪೋದಲ್ಲಿ ಹಾಕಿಕೊಂಡು ನೇರ ಇಲ್ಲಿಗೆ ಬಂದಿದ್ದ.

ಕೊಯ್ತಾ ಕೊಲ್ಲಲಾರದ್ದನ್ನು ಕ್ಷಮೆ ಕೊಲ್ಲಲಿದೆ ಎನ್ನಿಸಿತು. ಬಯ್ಯಲೂ ಪುರುಸೊತ್ತಿರಲಿಲ್ಲ. ಧನುರ್ವಾಯುವಿನ ಚುಚ್ಚುಮದ್ದು, ಪೆನ್ಸಿಲಿನ್, ಇನ್ನು ಕೈಗೆ ಸಿಕ್ಕ ಔಷಧಿಯನ್ನೆಲ್ಲ ಕೊಟ್ಟು, ಸಲೈನ್ ಹಚ್ಚಿ, ಬೆಳಗಾವಿಗೆ ಒಯ್ಯಬೇಕು ಎಂದು ಎದ್ದೆ. ಅಷ್ಟರಲ್ಲಿ ಹೊರಗೆ ಮೋಟರ್ ಸೈಕಲ್ ನಿಂತ ಸದ್ದು, ಹಿಂದೆಯೇ ಕೂಗು.

ಅಣ್ಣನಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ನಾನು ಹೊರಬರುವಷ್ಟರಲ್ಲಿ ಟೆಂಪೋದೊಳಗಿನ ಕಬ್ಬಿಣದ ರಾಡು ಅವನ ಕೈಯಲ್ಲಿತ್ತು. ಮೊದಲ ಏಟು ಜೋಡೀದಾರನ ಭುಜಕ್ಕೆ ಬಿತ್ತು. ಎರಡನೆಯದು ಹಣೆಗೆ ಸವರಿ ಹೋಗಿ ರಕ್ತ ಕಣ್ಣಿಗಿಳಿಯಿತು. "ಮೊದಲ ಕೊಯ್ತಾ, ಈಗ ವಿಷಾ! ಮಣ್ಣಾಗ ಏನ ಕಲಸಿದ್ಯೋ ಮಗನ?" ಎನ್ನುತ್ತ ಹೊಡೆಯುತ್ತಿದ್ದ. ಜೋಡೀದಾರ ಮನಸ್ಸು ಮಾಡಿದ್ದರೆ ಆ ಸಣಕಲು ನೌಕರದಾರನನ್ನು ಒಂದೇ ಕೈಯಲ್ಲಿ ಎತ್ತಿ ಒಗೆಯಬಹುದಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಪಕ್ಕೆಗೆ ಬಿದ್ದ ಏಟಿಗೆ ಮೊಣಕಾಲೂರಿದ, ಆಗಲೂ ಕಟ್ಟಿದ ಕೈ ಬಿಚ್ಚಲಿಲ್ಲ.

ಕೀವು ಮೆತ್ತಿದ ಕೈಗವಸಿನಲ್ಲೇ ನಾನು ಇಬ್ಬರ ನಡುವೆ ಹೋಗಿ ನಿಂತೆ. ರಾಡು ನನ್ನ ತಲೆಯ ಮೇಲೆ ಎತ್ತಿದ್ದೇ ಇತ್ತು.

"ಹೊಡಿ! ಇವನ ಕೈ ಮುರಿ! ಆಮ್ಯಾಲ ಟೆಂಪೋ ಯಾರು ಹೊಡೀತಾರ, ನಿನ್ನ ಮೋಟರ್ ಸೈಕಲ್ ಮ್ಯಾಲ ಕುಂದರಿಸಿಕೊಂಡು ಒಯ್ತಿಯೇನು ತಮ್ಮನ್ನ? ಇಲ್ಲಿ ಬ್ಯಾರೆ ಗಾಡಿ ಇಲ್ಲ. ಒಂದು ತಾಸು ತಡಾ ಆದ್ರ ಹೆಣಾ ಒಯ್ಯಬೇಕಾಗ್ತೈತಿ."

ರಾಡು ಕೆಳಗಿಳಿಯಿತು. ಆದರೆ ಅದನ್ನು ಬಿಡದೆ ಹಿಡಿದುಕೊಂಡೇ ಟೆಂಪೋ ಹತ್ತಿದ. ಜೋಡೀದಾರ ಹಣೆಗೆ ವಸ್ತಾದನ ಟವೆಲ್ಲು ಸುತ್ತಿಕೊಂಡು ಸ್ಟಿಯರಿಂಗ್ ಹಿಡಿದ, ವಸ್ತಾದ ಅವನ ಬಾಜು ಕೂತ. ಹಿಂದೆ ಚಾಪೆಯ ಮೇಲೆ ಪೈಲವಾನ, ಒಂದು ಕಡೆ ಸಲೈನ್ ಬಾಟಲಿ ಎತ್ತಿ ಹಿಡಿದ ನಾನು, ಇನ್ನೊಂದು ಕಡೆ ಅಣ್ಣ. ಅವನಿಂದ ರಾಡು ಕೆಳಗಿಡಿಸಿ, ಎರಡೂ ಕೈಗಳನ್ನು ಒಂದೊಂದಾಗಿ ಎಳೆದು ತಮ್ಮನ ಹೊಟ್ಟೆಯ ಮೇಲೆ ಒತ್ತಿಸಿದೆ.

"ಹಿಂಗ ಒತ್ತಿ ಹಿಡಿ. ಕೈ ತಗದ್ರ ಕರುಳು ಹೊರಗ ಬರ್ತಾವ."

ಆ ಹೊತ್ತಿಗೆ ಕರುಳು ಹೊರಬರುವ ಸ್ಥಿತಿ ಇರಲಿಲ್ಲ. ಆ ಕೈಗಳಿಗೆ ಬೇರೆ ಕೆಲಸ ಸಿಗಬಾರದು, ಅಷ್ಟೇ ನನಗೆ ಬೇಕಾಗಿತ್ತು. ಪೀರನವಾಡಿ ದಾಟುವವರೆಗೆ ಅವನು ಮುಂದಿನ ಸಣ್ಣ ಗಾಜಿನಿಂದ ಜೋಡೀದಾರನ ಕುತ್ತಿಗೆಯನ್ನೇ ನೋಡುತ್ತಿದ್ದ. ಬೆಳಗಾವಿ ಇನ್ನೇನು ಬಂತು ಎನ್ನುವಾಗ ಮೂರನೇ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ, ಮುಗಿಯುತ್ತಲೇ ಇಲ್ಲ. ಎಂಜಿನ್ ಬಂದ್ ಮಾಡಿ ಜೋಡೀದಾರ ಕಣ್ಣಿನ ರಕ್ತ ಒರೆಸಿಕೊಳ್ಳುತ್ತಿದ್ದ. ಅಣ್ಣ ಮಗ್ಗುಲಿಗಿದ್ದ ರಾಡು ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಬಾಯಾರ, ಒಂದ ನಿಮಿಷ ನೀವು ಹಿಡೀರಿ."

"ನನ್ನ ಕೈಯಾಗ ಬಾಟ್ಲಿ ಐತಿ. ನೀ ಕೈ ತಗದ್ರ ನಿನ್ನ ತಮ್ಮ ಹೋದ. ತಗೀ, ನೋಡೂಣು."

ಅವನು ತಮ್ಮನ ಹೊಟ್ಟೆಯತ್ತ ನೋಡಿದ. ಬೆರಳ ಸಂದಿಯಿಂದ ಬೂದು ನೀರು ಬರುತ್ತಿತ್ತು. ಕೈ ತೆಗೆಯಲಿಲ್ಲ. ಗೇಟು ಏಳುವವರೆಗೂ ನಾನು ಆ ಕೈಗಳ ಮೇಲಿಂದ ಕಣ್ಣು ಕೀಳಲಿಲ್ಲ.

ಆಪರೇಷನ್ ಥಿಯೇಟರಿನಲ್ಲಿ ಹೊಲಿಗೆ ಬಿಚ್ಚಿದರೆ ಒಳಗೆ ಯುದ್ಧ ನಡೆದುಹೋದ ಜಾಗದ ಹಾಗಿತ್ತು. ಕಪ್ಪಾದ ಚರ್ಮ, ಅದರ ಕೆಳಗಿನ ಕೊಬ್ಬು, ಬೇಯಿಸಿದಂತೆ ಬಣ್ಣಗೆಟ್ಟ ಸ್ನಾಯು, ಎಲ್ಲವನ್ನೂ ಕತ್ತರಿಸುತ್ತ ಹೋದೆ. ರಕ್ತ ಬರುವವರೆಗೆ ಕತ್ತರಿಸಬೇಕು, ರಕ್ತ ಬಂದರೆ ಅದು ಬದುಕಿದೆ ಎಂದು ಅರ್ಥ. ಬಕೆಟ್ಟಿಗೆ ಬಿದ್ದದ್ದನ್ನು ನೋಡಿದರೆ ಇನ್ನು ಉಳಿದದ್ದೇನು ಎನ್ನಿಸುವಷ್ಟಿತ್ತು. ಜಾಳಿಯ ಕೆಳಭಾಗ ಕೀವಿನಲ್ಲಿ ತೇಲುತ್ತಿತ್ತು, ಅದರ ತೂತುಗಳಲ್ಲಿ ಕೆಂಪು ಮಣ್ಣಿನ ಕಣಗಳು. ಮೇಲಿನ ಅರ್ಧ ಮಾತ್ರ ಸ್ನಾಯುವಿಗೆ ಚೆನ್ನಾಗಿ ಹತ್ತಿಕೊಂಡಿತ್ತು.

"ಮ್ಯಾಲಿಂದು ಇರ್ಲಿ ಮೇಡಂ," ಎಂದರು ಅರಿವಳಿಕೆ ಡಾಕ್ಟರು. "ಬಿ.ಪಿ. ಕೆಳಗ ಐತಿ. ಕಿತ್ತರ ಇನ್ನಷ್ಟು ರಕ್ತ ಹೋಗ್ತೈತಿ."

ಅವರ ಮಾತು ತಪ್ಪಾಗಿರಲಿಲ್ಲ. ಕೀವಾದ ಜಾಳಿಯನ್ನು ತೊಳೆದು, ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ, ಉಳಿದದ್ದನ್ನು ಉಳಿಸಿಕೊಂಡ ರೋಗಿಗಳು ನನ್ನವರೇ ಇದ್ದರು. ಇದನ್ನು ಉಳಿಸಿದರೆ ಅರ್ಧ ಹೊಟ್ಟೆಯಾದರೂ ಗಟ್ಟಿ. ತೆಗೆದರೆ ಮತ್ತೆ ಮೊದಲಿನ ಹಾಗೆ, ಇಲ್ಲ, ಮೊದಲಿಗಿಂತ ಕಡೆ. ಆದರೆ ಇದು ಬರೀ ಕೀವಲ್ಲ, ಹರಡುವ ಕೊಳೆ. ಒಂದು ಎಳೆ ಪ್ಲಾಸ್ಟಿಕ್ಕಿನ ಹಿಂದೆ ಅಡಗಿ ಕೂತರೂ ಎದೆಯವರೆಗೆ ಹತ್ತುತ್ತದೆ. ಜಾಳಿಯ ಮೇಲಂಚನ್ನು ಇಕ್ಕಳದಿಂದ ಹಿಡಿದು ಎಳೆದೆ. ಚರ್ರೆಂದು ಮಾಂಸದ ಸಮೇತ ಕಿತ್ತು ಬಂತು. ಅಷ್ಟು ದಿನ ಗಾಳಿ ತುಂಬಿ, ಬೆವರು ಸುರಿಸಿ ಕಟ್ಟಿದ್ದನ್ನು ನನ್ನ ಕೈಯಿಂದಲೇ ತುಂಡು ತುಂಡಾಗಿ ಹರಿದು ತಟ್ಟೆಗೆ ಹಾಕುವಾಗ ನನಗೆ ಅಳು ಬಂತು. ಅದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿನ ಅಳು.

ಹಿಂದಿನ ಪೊರೆಯ ಹೊಲಿಗೆಯೂ ಕೆಳಗೆ ಬಿಟ್ಟುಹೋಗಿತ್ತು, ಕರುಳು ಕಾಣುತ್ತಿತ್ತು. ಮುಚ್ಚಲು ಏನೂ ಉಳಿದಿರಲಿಲ್ಲ. ಮೂತ್ರ ತುಂಬುವ ಪ್ಲಾಸ್ಟಿಕ್ ಚೀಲದ ಹೊಸದೊಂದನ್ನು ಕತ್ತರಿಸಿ ಹಾಳೆ ಮಾಡಿ, ಕರುಳಿನ ಮೇಲೆ ಹೊದಿಸಿ ಅಂಚಿಗೆ ಹೊಲಿದೆ. ಬಡ ಆಸ್ಪತ್ರೆಗಳ ಹಳೆಯ ಉಪಾಯ ಅದು. ಆ ದಿನ ರಕ್ತ ಬೇಕಾದಾಗ ಕೊಟ್ಟವನು ಜೋಡೀದಾರ. ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದು, ಒಬ್ಬರಿಗೂ ಏನೂ ಹೇಳದೆ, ತೋಳು ಚಾಚಿ ಮಲಗಿದ್ದನಂತೆ.

ಅಣ್ಣ ವರಾಂಡದಲ್ಲಿ ಕೂತು ಬಂದವರ ಮುಂದೆಲ್ಲ ಒಂದೇ ಮಾತು ಆಡುತ್ತಿದ್ದ. ತಮ್ಮನಿಗೆ ಏನಾದರೂ ಆದರೆ ಜೋಡೀದಾರನ ಹೊಟ್ಟೆ ಹರಿಯುತ್ತೇನೆ ಎಂದು. ಊರಿನಿಂದ ನಾಲ್ಕೈದು ಜನ ಬಂದು ಕೂಡಿಕೊಂಡರು. ಜೋಡೀದಾರ ಕಂಪೌಂಡಿನ ಬೇವಿನ ಗಿಡದ ಕೆಳಗೆ ಒಬ್ಬನೇ ಕೂತಿದ್ದ. ಇವರು ಅವನ ಮೇಲೆ ನುಗ್ಗಲು ಅಣ್ಣನ ಒಂದು ಮಾತು ಸಾಕಾಗಿತ್ತು. ತಮ್ಮ ಸತ್ತರೆ ಜೋಡೀದಾರನ ಮೇಲಿನ ಕೇಸು ಕೊಲೆ ಕೇಸಾಗುತ್ತದೆ, ಸಾಯಿಸಲು ಅವನೇಕೆ ಮಣ್ಣು ತರುತ್ತಾನೆ ಎಂದು ನಾನು ಅಣ್ಣನಿಗೆ ಬಿಡಿಸಿ ಹೇಳಿದೆ. ಮಣ್ಣಿಗೆ ವಿಷ ಬೆರೆಸಬೇಕಿಲ್ಲ, ಜಾಳಿ ಇರುವ ಹೊಟ್ಟೆಗೆ ಬರೀ ಮಣ್ಣೇ ಸಾಕು ಎಂದೂ ಹೇಳಿದೆ. ಕಿವಿಗೇ ಹೋಗಲಿಲ್ಲ.

ಮರುದಿನ ಡ್ರೆಸ್ಸಿಂಗ್ ಬದಲಿಸುವ ಹೊತ್ತಿಗೆ ನಾನು ಒಂದು ನಿರ್ಧಾರ ಮಾಡಿದೆ. ಸಂಬಂಧಿಕರನ್ನು ಹೊರಗೆ ಕಳಿಸುವುದು ನಮ್ಮ ನಿಯಮ. ನಾನು ಅಣ್ಣನನ್ನು ಒಳಗೆ ಕರೆದೆ.

"ಗೌನು, ಮಾಸ್ಕ್ ಹಾಕ್ಕೋ. ಈ ತಟ್ಟಿ ಹಿಡಿ."

"ನಾ ಯಾಕ್ರಿ ಬಾಯಾರ?"

"ಹೊಟ್ಟಿ ಹರಿತೀನಿ, ಹೊಟ್ಟಿ ಹರಿತೀನಿ ಅಂತಿಯಲ್ಲ? ಹರದ ಮ್ಯಾಲ ಹೆಂಗ ಇರತೈತಿ, ನೋಡಿ ಹೋಗು."

ಬಟ್ಟೆ ತೆಗೆದೆ. ಪ್ಲಾಸ್ಟಿಕ್ ಹಾಳೆಯ ಕೆಳಗೆ ಅವನ ತಮ್ಮನ ಕರುಳು ನಿಧಾನವಾಗಿ ಹೊರಳುತ್ತಿತ್ತು. ಅಂಚಿನಲ್ಲಿ ಇನ್ನೂ ಸಾಯುತ್ತಿದ್ದ ಮಾಂಸವನ್ನು ಕತ್ತರಿಸಿ ಕತ್ತರಿಸಿ ಅವನು ಹಿಡಿದ ತಟ್ಟೆಗೆ ಹಾಕಿದೆ. ನೋವಿನ ಮದ್ದು ಕೊಟ್ಟಿದ್ದರೂ ಪೈಲವಾನ ಹಲ್ಲಿನ ಸಂದಿಯಿಂದ ಅಬ್ಬರಿಸಿದ. ಎರಡು ವರ್ಷ ದಿನಾಲು ಇನ್ನೊಬ್ಬನ ಹೊಟ್ಟೆಯ ಮಾತಾಡಿದ್ದ ಅಣ್ಣ ತಟ್ಟೆ ಇಟ್ಟು ಓಡಿಹೋಗಿ ಮೂಲೆಯ ಬೋಗುಣಿಗೆ ವಾಂತಿ ಮಾಡಿಕೊಂಡ. ಬಾಯಿ ತೊಳೆಸಿ ಮತ್ತೆ ತಟ್ಟೆ ಹಿಡಿಸಿದೆ. ಮರುದಿನವೂ ಕರೆದೆ. ಅದರ ಮರುದಿನವೂ. ನರ್ಸುಗಳು ನನ್ನನ್ನು ರಾಕ್ಷಸಿ ಎಂದಿರಬೇಕು. ಅನ್ನಲಿ.

ಕೊಳೆ ನಿಂತಿತು. ಗಾಯದ ತಳದಲ್ಲಿ ಕೆಂಪಗೆ ಹೊಸ ಮಾಂಸ ಹುಟ್ಟತೊಡಗಿತು. ಅಷ್ಟರಲ್ಲಿ ಅಣ್ಣನಿಗೆ ನಾನು ಹೇಳುವ ಮೊದಲೇ ಯಾವ ಬಟ್ಟೆ, ಯಾವ ದ್ರಾವಣ ಎಂದು ತಿಳಿಯುತ್ತಿತ್ತು. ಊರವರನ್ನು ಅವನೇ ಬಸ್ಸು ಹತ್ತಿಸಿ ಕಳಿಸಿದ್ದ. ಒಂದು ದಿನ ತಟ್ಟೆ ಹಿಡಿದವನು ತಲೆ ಎತ್ತದೆ ಕೇಳಿದ.

"ಗಿಡದ ಬುಡಕ ಅಂವ ಇನ್ನೂ ಕುಂತಾನೇನ್ರಿ?"

"ಕುಂತಾನ."

"ಊಟಾ ಮಾಡ್ಯಾನೋ?"

"ನನ್ನ ಯಾಕ ಕೇಳ್ತಿ? ಹೋಗಿ ಅವನ್ನ ಕೇಳು."

ಹೋಗಿ ಕೇಳಿದನೋ ಇಲ್ಲವೋ ನಾನು ನೋಡಲಿಲ್ಲ. ಮರುದಿನ ಗಿಡದ ಕೆಳಗೆ ಎರಡು ಊಟದ ಡಬ್ಬಿ ಇದ್ದವು.

ಪೈಲವಾನನಿಗೆ ಪೂರ್ತಿ ಎಚ್ಚರ ಬಂದು ಮಾತಾಡುವಂತಾದಾಗ ಜಾಳಿ ಇಲ್ಲ ಎಂದು ಹೇಳಿದೆ. ಡ್ರೆಸ್ಸಿಂಗಿನ ಮೇಲೆ ಮೆಲ್ಲಗೆ ಅಂಗೈ ಇಟ್ಟ. ಆ ಶನಿವಾರ ಮಣ್ಣು ಹಚ್ಚಿಸಿಕೊಂಡದ್ದಾದರೂ ಯಾಕೆ, ಅವನನ್ನು ಕೊಲ್ಲಬೇಕು ಎಂದಿದ್ದೆಯಲ್ಲ ಎಂದು ಕೇಳಿದೆ.

"ಕೊಲ್ಲಾಕಂತನ ಹೋಗಿದ್ನಿರಿ. ವಸ್ತಾದ್ರು ಕರದಿದ್ದು ಚಲೋ ಆತು, ಅಂವ ಸಿಕ್ತಾನ ಅಂತ. ಎದುರಿಗೆ ಬಂದ. ಹೊಡಿಯಾಕ ಕೈ ಎತ್ತಿದ್ನಿ. ಹೊಟ್ಟ್ಯಾಗ ಜಗ್ಗಿತ್ರಿ. ಜಾಳಿ ಕಿತ್ತು ಬರ್ತೈತಿ ಅಂತ ನೀವು ಅಂದಿದ್ರಿ. ಅಂಜಿ ಕೈ ಇಳಿಸಿದ್ನಿ. ಅಷ್ಟರಾಗ ಅಂವ ಮಣ್ಣ ತಗೊಂಡು ಬಂದು ಕುಂತಬಿಟ್ಟಿದ್ದ. ಅಳಾಕತ್ತಿದ್ದ. ಆಮ್ಯಾಲ ಎಲ್ಲಿ ಹೊಡೀಲ್ರಿ?"

ತೊಡೆಯ ಚರ್ಮ ತೆಗೆದು ಹೊಟ್ಟೆಗೆ ಹಚ್ಚಿದೆವು. ಹತ್ತಿಕೊಂಡಿತು. ಮೊದಲಿನಷ್ಟೇ ದೊಡ್ಡ ಗಂಟನ್ನು ಹೊತ್ತುಕೊಂಡು ಅವನು ಮನೆಗೆ ಹೋದ.

ಒಂದು ವರ್ಷದ ಮೇಲೆ ಖಾನಾಪುರದಲ್ಲಿ ತಪಾಸಣೆಗೆ ಬಂದ. ಮೈ ಕೈ ತುಂಬಿಕೊಂಡಿದ್ದ. ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ನೋಡಿದೆ. ಕರುಳಿನಿಂದ ಬಿಟ್ಟುಕೊಂಡು ಬೆರಳಿಗೆ ಬಂತು. ಮತ್ತೆ ಆಪರೇಷನ್ ಮಾಡಲು ಇದೇ ಗುರುತು. ನನಗೆ ಉಮೇದು ಹತ್ತಿತು. ಈ ಸಲ ಸೋಲುವುದಿಲ್ಲ, ಮತ್ತೆ ಜಾಳಿ ಹಾಕೋಣ, ಆಸ್ಪತ್ರೆಯಿಂದ ಬಿಡುವುದೇ ಗಾಯ ಪೂರ್ತಿ ಒಣಗಿದ ಮೇಲೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಬ್ಯಾಡ್ರಿ ಬಾಯಾರ."

"ಯಾಕ? ಅಂಜಿಕೀನೇನು?"

"ಆಪರೇಷನ್ನಿನ ಅಂಜಿಕಿ ಅಲ್ರಿ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮಣ್ಣ ಹಚ್ಚಿಸ್ಕೊಂಡೇನಿ, ಮಾತು ಮುಗದೈತಿ. ದಿನಾ ತಾಲೀಮಿನ್ಯಾಗ ಅವನ ಜೋಡಿನ ಕುಂದರ್ತೀನಿ. ಚಾ ಕುಡೀತೀನಿ. ಆದ್ರ ಒಮ್ಮೊಮ್ಮೆ ಅಂವ ನಕ್ಕ ಕೂಡ್ಲೇ ನನ್ನ ಕೈ ತಾನ ಏಳತೈತ್ರಿ. ಹೊಟ್ಟಿ ಜಗ್ಗತೈತಿ, ಕೈ ಇಳೀತೈತಿ. ನೀವು ಗಟ್ಟಿ ಮಾಡಿಕೊಟ್ರ ಅದು ಇಳಿಯಾಂಗಿಲ್ಲ."

ನಾನು ವಾದ ಮಾಡಿದೆ. ಗದರಿದೆ. ಕರುಳು ಸಿಕ್ಕಿಕೊಂಡರೆ ಸಾಯುತ್ತೀ ಎಂದು ಹೆದರಿಸಿದೆ, ಅದು ನಿಜವೂ ಆಗಿತ್ತು. ಎಲ್ಲಕ್ಕೂ ಹೂಂ ಹೂಂ ಎಂದ, ಒಪ್ಪಲಿಲ್ಲ. ಕೊನೆಗೆ ಹೊಸ ಪಟ್ಟಿಯೊಂದನ್ನು ತೆಗೆದು, ಅವನನ್ನು ನಿಲ್ಲಿಸಿ, ಗಂಟನ್ನು ಒಳಗೆ ಒತ್ತಿ ನಾನೇ ಸುತ್ತಿ ಬಿಗಿದೆ.

"ಅಷ್ಟು ಬಿಗಿ ಬ್ಯಾಡ್ರಿ," ಎಂದ. "ಸ್ವಲ್ಪ ಸಡ್ಲ ಇರ್ಲಿ."

ಪಟ್ಟಿಯನ್ನು ಬಿಚ್ಚಿ, ಸಡಿಲ ಬಿಟ್ಟು ಕಟ್ಟಿದೆ.